ನೆಲದ ಮೇಲಿನ ಮೋಡ

ತುಂಗೆ ಮತ್ತು ಭದ್ರೆ ಒಂದೇ ಬೆಟ್ಟಸಾಲಿನಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು ಹರಿದು, ಕೊನೆಗೆ ಕೂಡ್ಲಿಯಲ್ಲಿ ಒಂದಾಗುತ್ತವೆ. ಭದ್ರೆಯ ದಡದಲ್ಲಿ ಭದ್ರಾವತಿಯೂ ತುಂಗೆಯ ದಡದಲ್ಲಿ ಶಿವಮೊಗ್ಗವೂ ಇವೆ. ಎರಡು ಊರುಗಳ ನಡುವಣ ದೂರ ಸುಮಾರು 20 ಕಿಲೋಮೀಟರು. ಇವೆರಡನ್ನೂ ಜೊತೆಗಿಟ್ಟು ನೋಡಿದರೆ, ಕಳೆದ ನೂರು ವರ್ಷಗಳಲ್ಲಿ ಇಂಜಿನಿಯರನ ಕೆಲಸ ಎಷ್ಟು ಬದಲಾಗಿದೆ, ಎಷ್ಟು ಬದಲಾಗದೆ ಉಳಿದಿದೆ ಎಂಬುದು ಮನವರಿಕೆಯಾಗುತ್ತದೆ.

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದಾಗ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ ರೂಪುಗೊಂಡಿತು. 1923ರಲ್ಲಿ ಅಲ್ಲಿ ಉತ್ಪಾದನೆ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಬೆಟ್ಟಗಳಲ್ಲಿ ಅದಿರು ಇತ್ತು; ಮಲೆನಾಡಿನ ಕಾಡುಗಳಲ್ಲಿ ಇದ್ದಿಲಿಗೆ ಬೇಕಾದ ಸೌದೆ ಇತ್ತು; ಮಗ್ಗುಲಲ್ಲಿಯೇ ಭದ್ರೆಯ ನೀರಿತ್ತು. ಆದುದರಿಂದ ಕುಲುಮೆ ಅಲ್ಲಿಯೇ ನಿಂತಿತು. ಕುಲುಮೆ ಇರುವಲ್ಲಿಗೆ ಕೆಲಸಗಾರರು ಬಂದು ನೆಲೆಸಿದರು; ಊರು ಬೆಳೆಯಿತು. ಯಂತ್ರವಿರುವ ಕಡೆಗೆ ಮನುಷ್ಯನು ಹೋಗಬೇಕೆಂಬುದು ಆ ಕಾಲದ ನಿಯಮವಾಗಿತ್ತು.

ಅದೇ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ತಾಂತ್ರಿಕ ವಿಶ್ವವಿದ್ಯಾಲಯವು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾಯಿತು. 1980ರಲ್ಲಿ ಆರಂಭವಾದ ಶಿವಮೊಗ್ಗದ ಜವಾಹರಲಾಲ್ ನೆಹರೂ ನ್ಯಾಷನಲ್ ಇಂಜಿನಿಯರಿಂಗ್ ಕಾಲೇಜು ಈ ವಿಶ್ವವಿದ್ಯಾಲಯಕ್ಕೆ ಸೇರಿದೆ. ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ, ಕಂಪ್ಯೂಟರ್ ವಿಜ್ಞಾನದ ಪದವಿ ವಿದ್ಯಾರ್ಥಿಗಳು ಆರನೆಯ ಸೆಮಿಸ್ಟರಿನಲ್ಲಿ ಅಭ್ಯಾಸ ಮಾಡುವ ವಿಷಯಗಳಲ್ಲಿ ‘ಕ್ಲೌಡ್ ಕಂಪ್ಯೂಟಿಂಗ್’ ಒಂದು. ಕ್ಲೌಡ್ ಎಂದರೆ ಮೋಡ. ಆಗುಂಬೆಯ ಮೋಡವನ್ನು ಬಲ್ಲ ಮಲೆನಾಡಿನವರಿಗೆ ಈ ಹೆಸರು ವಿಚಿತ್ರವೆನಿಸಬಹುದು. ಮೋಡಕ್ಕೂ ಗಣಕಯಂತ್ರಕ್ಕೂ ಏನು ಸಂಬಂಧ?

ಸಂಬಂಧವಿರುವುದು ಚಿತ್ರದಲ್ಲಿ ಮಾತ್ರ. ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಜಾಲದ ನಕ್ಷೆಯನ್ನು ಬರೆಯುವಾಗ, ಒಳಗಿನ ವಿವರ ಬೇಡವೆನಿಸಿದ ಭಾಗವನ್ನು ಇಂಜಿನಿಯರುಗಳು ಮೋಡದ ಆಕಾರದಿಂದ ಸೂಚಿಸುತ್ತಿದ್ದರು. ಆ ಚಿತ್ರವೇ ಮುಂದೆ ಹೆಸರಾಯಿತು. ವಾಸ್ತವದಲ್ಲಿ ಈ ಮೋಡ ಆಕಾಶದಲ್ಲಿಲ್ಲ. ಅದು ಭದ್ರವಾದ ಕಟ್ಟಡಗಳೊಳಗೆ, ಸಾಲು ಸಾಲಾಗಿ ನಿಲ್ಲಿಸಿದ ಸಾವಿರಾರು ಗಣಕಯಂತ್ರಗಳ ರೂಪದಲ್ಲಿ ನೆಲದ ಮೇಲೆಯೇ ಇದೆ. ಆ ಯಂತ್ರಗಳಿಗೆ ಸರ್ವರ್ ಎಂದೂ ಆ ಕಟ್ಟಡಗಳಿಗೆ ದತ್ತಾಂಶ ಕೇಂದ್ರಗಳೆಂದೂ ಹೆಸರು. ಅವುಗಳ ಶಕ್ತಿಯನ್ನು ದೂರದಲ್ಲಿ ಕುಳಿತವರು ಅಂತರಜಾಲದ ಮೂಲಕ ಬೇಕಾದಷ್ಟು ಪಡೆದು, ಬಳಸಿದಷ್ಟಕ್ಕೆ ಹಣ ಕೊಡುವ ಏರ್ಪಾಡೇ ಕ್ಲೌಡ್ ಕಂಪ್ಯೂಟಿಂಗ್.

ಇಂಥ ಏರ್ಪಾಡು ನಮ್ಮ ನಾಡಿಗೆ ತೀರ ಹೊಸದೇನೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿದರು. ಗಣಿಯ ಬಾಯಿಯಲ್ಲಿಯೇ ಶಕ್ತಿಯನ್ನು ಉತ್ಪಾದಿಸಬೇಕಾದ ಅಗತ್ಯ ಆಗ ತಪ್ಪಿತು. 1948ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಜೋಗದಲ್ಲಿಯೂ ವಿದ್ಯುದಾಗಾರವು ಕೆಲಸ ಮಾಡತೊಡಗಿತು. ಮನೆಯಲ್ಲಿ ದೀಪ ಹೊತ್ತಿಸುವವರು ವಿದ್ಯುದಾಗಾರವನ್ನು ಕಟ್ಟುವುದಿಲ್ಲ. ಗುಂಡಿ ಒತ್ತುತ್ತಾರೆ, ತಿಂಗಳ ಕೊನೆಗೆ ಬಿಲ್ಲು ಕಟ್ಟುತ್ತಾರೆ. ಗಣಕಶಕ್ತಿಯೂ ಮುಂದೊಂದು ದಿನ ಹೀಗೆಯೇ ಸಾರ್ವಜನಿಕ ಸೇವೆಯಾಗಬಹುದೆಂದು ಅಮೆರಿಕದ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲಿಯೇ ಹೇಳಿದ್ದರು. 2006ರಲ್ಲಿ ಅಮೆಜಾನ್ ಸಂಸ್ಥೆಯು ತನ್ನ ದತ್ತಾಂಶ ಕೇಂದ್ರಗಳ ಸಂಗ್ರಹಣೆಯನ್ನೂ ಗಣಕಶಕ್ತಿಯನ್ನೂ ಬಾಡಿಗೆಗೆ ಕೊಡತೊಡಗಿದಾಗ ಆ ಮಾತು ವ್ಯಾಪಕವಾಗಿ ಕಾರ್ಯರೂಪಕ್ಕೆ ಬಂದಿತು.

ಒಂದೇ ಯಂತ್ರವನ್ನು ಹಲವರಿಗೆ ಬಾಡಿಗೆಗೆ ಕೊಡುವುದು ಹೇಗೆ? ಇದಕ್ಕೆ ಉತ್ತರವಾದ ತಂತ್ರಕ್ಕೆ ವರ್ಚುಯಲೈಸೇಷನ್ ಎಂದು ಹೆಸರು. ನಮ್ಮ ಹಳೆಯ ವಠಾರಗಳನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಒಂದೇ ಕಟ್ಟಡ, ಒಂದೇ ಸೂರು. ಒಳಗೆ ಹತ್ತು ಸಂಸಾರಗಳು. ಪ್ರತಿಯೊಂದಕ್ಕೂ ಬೇರೆ ಬಾಗಿಲು, ಬೇರೆ ಬೀಗ. ಹಾಗೆಯೇ ಒಂದು ದೊಡ್ಡ ಯಂತ್ರವನ್ನು ಹಲವು ಕಾಲ್ಪನಿಕ ಯಂತ್ರಗಳಾಗಿ ವಿಭಾಗಿಸಲಾಗುತ್ತದೆ. ವಿಭಾಗಿಸಿ ಕಾವಲು ಕಾಯುವ ತಂತ್ರಾಂಶವೇ ಹೈಪರ್‌ವೈಸರ್. ನಡುವಣ ಗೋಡೆ ಗಟ್ಟಿಯಾಗಿರಬೇಕು; ಒಬ್ಬರ ಮನೆಯ ಮಾತು ಇನ್ನೊಬ್ಬರಿಗೆ ಕೇಳಿಸಬಾರದು. ಆ ಗೋಡೆಯನ್ನು ಕಟ್ಟುವ ಬಗೆ ಈ ಪಾಠದ ಮುಖ್ಯ ಭಾಗ.

ಬಾಡಿಗೆಯಲ್ಲಿಯೂ ಮೂರು ಬಗೆಗಳಿವೆ. ಖಾಲಿ ಮನೆಯನ್ನು ಹಿಡಿದು ಎಲ್ಲ ಸಾಮಾನನ್ನೂ ನಾವೇ ಹೂಡಿಕೊಳ್ಳುವುದು ಒಂದು. ಒಲೆ, ಪಾತ್ರೆ ಸಿದ್ಧವಿರುವ ಅಡುಗೆಮನೆಯನ್ನು ಪಡೆದು, ಅಡುಗೆಯನ್ನು ಮಾತ್ರ ನಾವು ಮಾಡಿಕೊಳ್ಳುವುದು ಎರಡನೆಯದು. ಖಾನಾವಳಿಯಲ್ಲಿ ಎಲೆಯ ಮುಂದೆ ಕುಳಿತು ಬಡಿಸಿದ್ದನ್ನು ಉಣ್ಣುವುದು ಮೂರನೆಯದು. ನಾವು ದಿನನಿತ್ಯ ಬಳಸುವ ಇ-ಮೇಲ್ ಈ ಮೂರನೆಯ ಬಗೆಗೆ ಸೇರಿದ್ದು.

ಇದರ ಪ್ರಯೋಜನವೇನೆಂದು ಕೇಳಬಹುದು. ಮುಂದಿನ ವರ್ಷ ನೀವೇ ಎದುರು ನೋಡಲಿರುವ ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನವನ್ನು ಊಹಿಸಿಕೊಳ್ಳಿ. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಆ ಪರೀಕ್ಷೆಗೆ ಕೂರುತ್ತಾರೆ. ಅವರೂ ಅವರ ಮನೆಯವರೂ ಒಂದೇ ಗಳಿಗೆಯಲ್ಲಿ ಫಲಿತಾಂಶ ನೋಡಲು ಮುಂದಾದರೆ ಸಾಮಾನ್ಯ ಯಂತ್ರವೊಂದು ಕುಸಿದುಬೀಳುತ್ತದೆ. ಆ ಒಂದು ದಿನಕ್ಕಾಗಿ ನೂರು ಯಂತ್ರಗಳನ್ನು ಕೊಂಡರೆ ಉಳಿದ ದಿನಗಳಲ್ಲಿ ಅವು ದೂಳು ತಿನ್ನುತ್ತವೆ. ಕ್ಲೌಡ್ ವ್ಯವಸ್ಥೆಯಲ್ಲಿ ಆ ಹೊತ್ತಿಗೆ ನೂರನ್ನು ಪಡೆದು, ಸಂಜೆಗೆ ತೊಂಬತ್ತನ್ನು ಹಿಂದಿರುಗಿಸಬಹುದು. ಮದುವೆಗೆ ಪಾತ್ರೆಗಳನ್ನು ಬಾಡಿಗೆಗೆ ತರುವ ಜಾಣ್ಮೆಯೇ ಇದು.

ಈ ಶಾಸ್ತ್ರದ ಬೆಳವಣಿಗೆಯಲ್ಲಿ ಕರ್ನಾಟಕದಲ್ಲಿ ಓದಿದವರೊಬ್ಬರ ಪಾಲು ದೊಡ್ಡದು. ಡಾ. ರಾಜ್‌ಕುಮಾರ್ ಬುಯ್ಯ ಅವರು ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಇಂಜಿನಿಯರಿಂಗ್ ಪದವಿಗಳನ್ನು ಪಡೆದು, 2002ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಅವರ ತಂಡವು ರೂಪಿಸಿದ ‘ಕ್ಲೌಡ್‌ಸಿಮ್’ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಅದರ ನೆರವಿನಿಂದ ವಿದ್ಯಾರ್ಥಿಯು ಒಂದು ಸಾಧಾರಣ ಗಣಕಯಂತ್ರದಲ್ಲಿಯೇ ದತ್ತಾಂಶ ಕೇಂದ್ರವೊಂದರ ಅನುಕರಣೆಯನ್ನು ನಿರ್ಮಿಸಿ ಪ್ರಯೋಗಗಳನ್ನು ಮಾಡಬಹುದು. ದೊಡ್ಡ ಯಂತ್ರವನ್ನು ಕೊಳ್ಳಲಾರದ ಮನೆಯ ಮಕ್ಕಳಿಗೂ ವಿದ್ಯೆಯ ಬಾಗಿಲು ಹೀಗೆ ತೆರೆದಿದೆ. ಭದ್ರಾವತಿಯ ಕಾರ್ಮಿಕನ ಮಗಳು ತನ್ನ ಊರನ್ನು ಬಿಡದೆ ಸಾವಿರ ಮೈಲಿ ದೂರದ ಯಂತ್ರದಿಂದ ಕೆಲಸ ತೆಗೆಯಬಲ್ಲಳು. ಮನುಷ್ಯನು ಯಂತ್ರವಿರುವಲ್ಲಿಗೆ ಹೋಗಬೇಕೆಂಬ ಹಳೆಯ ನಿಯಮ ಇಲ್ಲಿ ಸಡಿಲವಾಗಿದೆ.

ಆದರೆ ಎಲ್ಲ ನಿಯಮಗಳೂ ಸಡಿಲವಾಗಿಲ್ಲ. ಕುಲುಮೆಯಂತೆಯೇ ದತ್ತಾಂಶ ಕೇಂದ್ರವೂ ಕಾವು ಬಿಡುತ್ತದೆ. ಅದನ್ನು ತಣಿಸಲು ವಿದ್ಯುತ್ತು ಬೇಕು, ಹಲವೆಡೆ ನೀರೂ ಬೇಕು. 2024ರಲ್ಲಿ ಜಗತ್ತು ಬಳಸಿದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 1.5 ಪಾಲು ಈ ಕೇಂದ್ರಗಳಿಗೆ ಸಂದಿತೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ಅಂದಾಜು ಮಾಡಿದೆ. ಕಬ್ಬಿಣಕ್ಕೆ ಮಲೆನಾಡಿನ ಕಾಡು ಬೆಲೆ ತೆತ್ತಂತೆ, ಮೋಡಕ್ಕೂ ಯಾವುದೋ ನೆಲ ಬೆಲೆ ತೆರುತ್ತಿದೆ.

ಅಪಾಯವೂ ಇದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓ.ವಿ.ಎಚ್. ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾಯಿತು. ತಮ್ಮ ದಾಖಲೆಗಳ ಪ್ರತಿಯನ್ನು ಬೇರೆಡೆ ಇಟ್ಟಿದ್ದವರು ಚೇತರಿಸಿಕೊಂಡರು; ಇಡದಿದ್ದವರಲ್ಲಿ ಹಲವರು ಎಲ್ಲವನ್ನೂ ಕಳೆದುಕೊಂಡರು. ಬಿತ್ತನೆಯ ಬೀಜವನ್ನು ಒಂದೇ ಕಣಜದಲ್ಲಿ ತುಂಬಿಡದ ರೈತನ ಎಚ್ಚರ ಇಂಜಿನಿಯರನಿಗೂ ಬೇಕು. ಒಬ್ಬನೇ ಒಡೆಯನನ್ನು ನೆಚ್ಚಿದರೆ, ಅವನು ಬಾಡಿಗೆ ಏರಿಸಿದಾಗ ಅಥವಾ ಬಾಗಿಲು ಮುಚ್ಚಿದಾಗ ನಮ್ಮ ಗತಿಯೇನು? ಒಂದು ಕಾರ್ಖಾನೆಯನ್ನು ನಂಬಿ ಬೆಳೆದು, ಅದರ ಹಿಂದಿನ ವೈಭವ ಕುಂದಿದ್ದನ್ನು ಕಂಡ ಭದ್ರಾವತಿಗೆ ಈ ಪ್ರಶ್ನೆಯ ತೂಕ ಚೆನ್ನಾಗಿ ತಿಳಿದಿದೆ.

ಎಲ್ಲಕ್ಕಿಂತ ಮಿಗಿಲಾದದ್ದು ನಂಬಿಕೆ. ಕ್ಲೌಡ್‌ನಲ್ಲಿ ಇರುವುದು ಬರಿಯ ಅಂಕಿ ಅಂಶಗಳಲ್ಲ. ರೋಗಿಯ ರೋಗದ ವಿವರ, ಬಡವನ ಉಳಿತಾಯದ ಲೆಕ್ಕ, ವಿದ್ಯಾರ್ಥಿಯ ಅಂಕಪಟ್ಟಿ ಅಲ್ಲಿರುತ್ತವೆ. ಅವನ್ನು ಕಾಪಾಡಲೆಂದು ನಮ್ಮ ದೇಶದ ಸಂಸತ್ತು 2023ರಲ್ಲಿ ಕಾಯಿದೆಯೊಂದನ್ನು ಅಂಗೀಕರಿಸಿತು. ಆದರೆ ಕಾಯಿದೆ ಬೇಲಿಯಾಗಬಲ್ಲದೇ ಹೊರತು ಕಾವಲುಗಾರನ ಮನಸ್ಸಾಗಲಾರದು. ಪರರ ಒಡವೆಯನ್ನು ಕಾಯುವ ಕೆಲಸಕ್ಕೆ ಬುದ್ಧಿ ಎಷ್ಟು ಬೇಕೋ ಪ್ರಾಮಾಣಿಕತೆಯೂ ಅಷ್ಟೇ ಬೇಕು.

ನಿಮ್ಮಲ್ಲಿ ಕೆಲವರು ಮುಂದೆ ಈ ವಿಷಯವನ್ನು ಓದಬಹುದು. ಅಂದು ಬಾಡಿಗೆಯ ಯಂತ್ರವನ್ನು ನಡೆಸುವುದನ್ನು ಮಾತ್ರ ಕಲಿತು ತೃಪ್ತರಾಗಬೇಡಿ. ಯಂತ್ರವನ್ನು ಕಟ್ಟುವುದನ್ನೂ ಕಲಿಯಿರಿ. ನೂರು ವರ್ಷಗಳ ಹಿಂದೆ, ನಮ್ಮ ಅದಿರಿನಿಂದ ನಾವೇ ಕಬ್ಬಿಣ ತೆಗೆಯಬೇಕೆಂಬ ಛಲದಿಂದ ಭದ್ರಾವತಿಯ ಕುಲುಮೆ ಹೊತ್ತಿಕೊಂಡಿತು. ಕಬ್ಬಿಣದ ಕಾಲಕ್ಕೆ ಬೇಕಾಗಿದ್ದ ಆ ಛಲ ಮೋಡದ ಕಾಲಕ್ಕೂ ಬೇಕಾಗಿದೆ.