ಕೌನ್ಸೆಲಿಂಗ್ ಎಂ.ಎಸ್ಸಿ.: ಸೀಟು ಸಿಕ್ಕಿದೆ, ಹೋಗಬೇಕೇ?

ನಮ್ಮ ಕಡೆ ಮನೆಗಳಲ್ಲಿ ‘ಕೌನ್ಸೆಲಿಂಗ್’ ಅಂದರೆ ಸಿಇಟಿ ಸೀಟು ಹಂಚುವುದು, ಇಲ್ಲವೇ ಮಾಸ್ತರರ ವರ್ಗಾವಣೆ. ಸುರಪುರದ ಹುಡುಗಿಯೊಬ್ಬಳು ‘ಕೌನ್ಸೆಲಿಂಗ್ ಓದ್ತೀನಪ್ಪ’ ಅಂದರೆ, ‘ಅದು ಒಂದ್ ದಿನದ ಕೆಲಸ ಅಲ್ಲೇನವ್ವಾ, ಅದಕ್ಕ ಎರಡ್ ವರ್ಷ ಯಾಕ?’ ಎಂದು ಅಪ್ಪ ಕೇಳುವುದು ಸಹಜವೇ. ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ದಿಕ್ಕಿಗೆ ಬೆಂಗಳೂರು, ಅಲ್ಲಿ ಕ್ರೈಸ್ಟ್ ವಿಶ್ವವಿದ್ಯಾಲಯ, ಮಾಂಟ್‌ಫೋರ್ಟ್ ಕಾಲೇಜು. ಇನ್ನೊಂದು ದಿಕ್ಕಿಗೆ ಮುಂಬೈ, ಅಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ‘ಟಿಸ್’. ಹೆಸರು ದೊಡ್ಡವು. ಟಿಕೆಟ್ ತೆಗೆಸುವ ಮುಂಚೆ ಇಷ್ಟು ಯೋಚಿಸಿ.

1. ಅಪ್ಪನ ಪ್ರಶ್ನೆಗೆ ಮೊದಲು ಉತ್ತರ ಕೊಡಿ

ಇಂಗ್ಲಿಷ್ ಪದ ಬಳಸದೆ ಹೇಳಿ. ‘ಮನಸ್ಸಿಗೆ ಕಷ್ಟ ಆದವರು ಬಂದು ಕೂತಾಗ, ಬುದ್ಧಿ ಹೇಳದೆ, ಅವರ ದಾರಿ ಅವರಿಗೇ ಕಾಣುವ ಹಾಗೆ ಮಾತಾಡಿಸುವ ಕಸುಬು, ಅದನ್ನು ಕಲಿಯಲಿಕ್ಕೆ ಎರಡು ವರ್ಷ ಬೇಕು.’ ಇದನ್ನು ಹೇಳಲು ನಾಲಿಗೆ ತಡವರಿಸಿದರೆ ಕೋರ್ಸಿನ ಹೆಸರು ಮಾತ್ರ ನಿಮ್ಮನ್ನು ಸೆಳೆದಿದೆ ಎಂದರ್ಥ. ಒಂದು ವರ್ಷ ತಡೆಯಿರಿ.

2. ಕಟ್ಟಡ ನೋಡಬೇಡಿ, ಎದುರಿಗೆ ಕೂರಿಸುವ ಗಂಟೆ ಎಣಿಸಿ

ಇದೊಂದೇ ಸೂತ್ರ ನೆನಪಿಟ್ಟರೂ ಸಾಕು. ಕೌನ್ಸೆಲಿಂಗ್, ಅಂದರೆ ಆಪ್ತ ಸಮಾಲೋಚನೆ, ಈಜಿನಂಥದು, ದಂಡೆಯ ಮೇಲೆ ಕೂತು ಕಲಿಯಲು ಬರುವುದಿಲ್ಲ. ಕಾಲೇಜಿಗೆ ಫೋನ್ ಮಾಡಿ ನೇರವಾಗಿ ಕೇಳಿ: ಎರಡು ವರ್ಷದಲ್ಲಿ ನಾನು ನಿಜವಾದ ಜನರ ಎದುರು ಎಷ್ಟು ಗಂಟೆ ಕೂರುತ್ತೇನೆ? ನಾನು ಮಾತಾಡಿಸಿದ್ದನ್ನು ಅನುಭವಿಗಳೊಬ್ಬರು ವಾರಕ್ಕೆ ಎಷ್ಟು ಸಲ ಕೇಳಿ ತಿದ್ದುತ್ತಾರೆ? ಅವರ ಕೈಕೆಳಗೆ ನನ್ನಂಥವರು ಎಷ್ಟು ಜನ? ಈ ತಿದ್ದುವವರನ್ನು ಸೂಪರ್‌ವೈಸರ್ ಅನ್ನುತ್ತಾರೆ. ನೀವು ಕಟ್ಟುವ ಫೀಯ ಬಹುಪಾಲು ಸಲ್ಲಬೇಕಾದದ್ದು ಅವರ ಸಮಯಕ್ಕೆ. ‘ಕೊನೆಯ ಸೆಮಿಸ್ಟರಿನಲ್ಲಿ ಒಂದು ಇಂಟರ್ನ್‌ಶಿಪ್ ಇರುತ್ತದೆ’ ಎಂದು ಹಾರಿಸಿ ಉತ್ತರ ಕೊಟ್ಟರೆ, ಆ ಕಾಲೇಜು ಎಷ್ಟೇ ಹೆಸರುವಾಸಿಯಾಗಿರಲಿ, ನಾನಾದರೆ ನನ್ನ ಮಗಳನ್ನು ಕಳಿಸಲಾರೆ.

ಇದೇ ಪ್ರಶ್ನೆಯನ್ನು ಅಲ್ಲಿ ಓದಿ ಹೊರಬಿದ್ದ ಇಬ್ಬರಿಗೂ ಕೇಳಿ.

3. ಡಿಗ್ರಿ ಯಾವ ಬೋರ್ಡ್ ಹಾಕಲು ಬಿಡುತ್ತದೆ, ತಿಳಿದುಕೊಳ್ಳಿ

ಕೌನ್ಸೆಲಿಂಗ್ ಸೈಕಾಲಜಿ ಎಂ.ಎಸ್ಸಿ. ಮುಗಿಸಿದ ಮಾತ್ರಕ್ಕೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಆಗುವುದಿಲ್ಲ. ಅದಕ್ಕೆ 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಓದು ಮತ್ತು ನೋಂದಣಿ ಬೇಕು. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಸಂಸ್ಥೆಗಳು ಆ ದಾರಿಯವು. ಉಳಿದ ಮನಶ್ಶಾಸ್ತ್ರಜ್ಞರನ್ನು, ಸಮಾಲೋಚಕರನ್ನು ಆರೋಗ್ಯ ವೃತ್ತಿಗಳ 2021ರ ಕೇಂದ್ರ ಕಾಯ್ದೆ ತನ್ನ ವ್ಯಾಪ್ತಿಗೆ ತಂದಿದೆ. 2025ರಲ್ಲಿ ಯುಜಿಸಿ ಸೈಕಾಲಜಿಯನ್ನು ದೂರಶಿಕ್ಷಣ, ಆನ್‌ಲೈನ್ ಮೂಲಕ ಕಲಿಸುವುದನ್ನು ನಿಲ್ಲಿಸಲು ಹೇಳಿತು. ಆದ್ದರಿಂದ ‘ಮನೆಯಲ್ಲೇ ಕೂತು ಎಂ.ಎಸ್ಸಿ.’ ಎಂಬ ಜಾಹೀರಾತು ಕಂಡರೆ ಹಣ ಕಟ್ಟಬೇಡಿ.

4. ಯಾವ ಭಾಷೆಯಲ್ಲಿ ಅಳುವವರಿಗೆ ಕಿವಿಯಾಗುತ್ತೀರಿ?

ಶಹಾಪುರದ ಹೆಣ್ಣುಮಗಳು ಬಂದು ‘ನನಗೆ ಆತಂಕದ ಕಾಯಿಲೆ ಇದೆ’ ಅನ್ನುವುದಿಲ್ಲ. ‘ಎದಿ ಧಸಕ್ಕಂತದ್ರಿ, ಜೀವಕ್ಕ ಸಮಾಧಾನಿಲ್ಲ’ ಅನ್ನುತ್ತಾಳೆ. ಆಕೆಯ ಅತ್ತೆ ‘ಗಾಳಿ ಸೋಕ್ಯದ’ ಅನ್ನುತ್ತಾಳೆ. ತಾಂಡಾದಲ್ಲಿ ಇದೇ ನೋವು ಲಂಬಾಣಿಯಲ್ಲಿ ಬರುತ್ತದೆ, ಗುರುಮಠಕಲ್ ಕಡೆ ತೆಲುಗಿನಲ್ಲಿ, ಓಣಿಯ ಇನ್ನೊಂದು ಮನೆಯಲ್ಲಿ ದಖನಿ ಉರ್ದುವಿನಲ್ಲಿ. ದೊಡ್ಡ ಕಾಲೇಜುಗಳ ಪಾಠ ಇಂಗ್ಲಿಷಿನಲ್ಲಿ. ಅದು ತಪ್ಪಲ್ಲ, ಪುಸ್ತಕಗಳೆಲ್ಲ ಅದರಲ್ಲೇ ಇವೆ. ಆದರೆ ಅಭ್ಯಾಸವೂ ಇಂಗ್ಲಿಷ್ ಮಾತಾಡುವವರ ಜೊತೆಗೇ ಮುಗಿದರೆ, ಊರಿಗೆ ಬಂದು ಹೊಸದಾಗಿ ಕಲಿಯಬೇಕಾಗುತ್ತದೆ. ಕನ್ನಡದಲ್ಲಿ ಮಾತಾಡಿಸಲು ಎಲ್ಲಿ ಕೂರಿಸುತ್ತೀರಿ, ಅದನ್ನು ತಿದ್ದಲು ಕನ್ನಡ ಬಲ್ಲವರು ಇದ್ದಾರೆಯೇ ಎಂದು ಕೇಳಿ. ಕ್ಲಾಸಿನಲ್ಲಿ ನಿಮ್ಮ ಇಂಗ್ಲಿಷಿಗೆ ನಾಚಿಕೆಪಡಬೇಡಿ. ಈ ಕಸುಬಿನಲ್ಲಿ ನಿಮ್ಮ ಊರ ಮಾತೇ ನಿಮ್ಮ ಬಂಡವಾಳ.

5. ಸಾಲದ ಕಂತನ್ನು ಊರಿನ ಸಂಬಳದ ಪಕ್ಕ ಇಡಿ

5 ಲಕ್ಷ ಸಾಲ, 10% ಬಡ್ಡಿ, 5 ವರ್ಷ ಅಂದರೆ ತಿಂಗಳ ಕಂತು ಸುಮಾರು 10,600 ರೂಪಾಯಿ. ಓದುವ ಕಾಲದ ಬಡ್ಡಿ ಬೇರೆ. ಈಗ ಜಿಲ್ಲಾ ಆಸ್ಪತ್ರೆಯ ಸ್ನೇಹ ಕ್ಲಿನಿಕ್, ಎಚ್‌ಐವಿ ಪರೀಕ್ಷಾ ಕೇಂದ್ರ, ಸಖಿ ಕೇಂದ್ರಗಳ ಸಮಾಲೋಚಕರ ಹುದ್ದೆಯ ಹಳೆಯ ಜಾಹೀರಾತು ಹುಡುಕಿ ಸಂಬಳ ನೋಡಿ. ಹೆಚ್ಚಿನವು ಗುತ್ತಿಗೆ ನೌಕರಿ, ಎಂಎಸ್‌ಡಬ್ಲ್ಯೂ ಮಾಡಿದವರೂ ಅದೇ ಹುದ್ದೆಗೆ ಬರುತ್ತಾರೆ. ಕಂತು ಕಟ್ಟಿ ಉಳಿದದ್ದರಲ್ಲಿ ಬದುಕಲಾಗದಿದ್ದರೆ ಬೆಂಗಳೂರಿನಲ್ಲೇ ಉಳಿಯಬೇಕಾಗುತ್ತದೆ. ಅದಕ್ಕೆ ಮನೆಯವರು ಒಪ್ಪುತ್ತಾರೆಯೇ ಎಂಬುದನ್ನು ಈಗಲೇ ಮಾತಾಡಿ, ಸಾಲ ಮಾಡಿದ ಮೇಲಲ್ಲ.

ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ, ಕಾಲೇಜು ಪಟ್ಟಿಯಲ್ಲಿದ್ದರೆ, ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ 3% ಬಡ್ಡಿ ರಿಯಾಯಿತಿ ಇದೆ. ನಮ್ಮ ಭಾಗದವರ ಮೀಸಲಾತಿಯ 371(ಜೆ) ಪ್ರಮಾಣಪತ್ರ ಮುಂಬೈಯಲ್ಲಿ ಕೆಲಸಕ್ಕೆ ಬಾರದು, ಆದರೆ ರಾಜ್ಯ ಸರ್ಕಾರದ ಸೀಟಿಗೂ ನೌಕರಿಗೂ ಬೇಕು. ಜೋಪಾನ ಮಾಡಿ.

6. ಹತ್ತಿರದ್ದನ್ನು ಕೀಳಾಗಿ ಕಾಣಬೇಡಿ

2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಕಲಬುರಗಿ ಆಚೆ ಕಡಗಂಚಿಯಲ್ಲೇ ಇದೆ, ಅಲ್ಲಿ ಸೈಕಾಲಜಿ ವಿಭಾಗವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಇದೆ. ಎರಡನೇ ಸೂತ್ರದ ಪ್ರಶ್ನೆಗಳನ್ನು ಅಲ್ಲಿಯೂ ಕೇಳಿ. ನಮ್ಮ ಕಡೆಯೂ ದೊಡ್ಡ ಕೆಲಸ ಆಗಿದೆ: ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ದೊಡ್ಡ ನಗರದ ಕ್ಲಿನಿಕ್ಕಿನಲ್ಲಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು.

7. ಗುಟ್ಟು ಕಾಯುವುದನ್ನು ಎಲ್ಲಿ ಚೆನ್ನಾಗಿ ಕಲಿಸುತ್ತಾರೆ?

ಸುರಪುರದವರಿಗೆ ಈ ಕಥೆ ಗೊತ್ತು. ಬಾಲಕ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. 1858ರಲ್ಲಿ ರಾಜ ಸೆರೆಯಾದಾಗ ಅದೇ ಟೇಲರ್ ಸೆರೆಮನೆಗೆ ಬಂದು ಮಾತಾಡಿಸಿದ. ಪ್ರೀತಿ ನಿಜವಿದ್ದಿರಬಹುದು, ಆದರೆ ಕೇಳುವವನು ಸರ್ಕಾರದ ನೌಕರನೂ ಆಗಿದ್ದ. ಹೀಗೆ ಎರಡು ಪಾತ್ರಗಳ ನಡುವೆ ಸಿಕ್ಕಿಕೊಳ್ಳುವುದೇ ಸಣ್ಣ ಊರಿನ ಸಮಾಲೋಚಕರ ಇಕ್ಕಟ್ಟೂ. ಎದುರು ಕೂತ ಹುಡುಗಿಯ ಸೋದರಮಾವ ನಿಮ್ಮ ಅಪ್ಪನ ಗೆಳೆಯ, ಅವಳ ಮೇಡಂ ನಿಮ್ಮ ಅತ್ತಿಗೆ. ಇಂಥ ಕಡೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ನಡೆದುಕೊಳ್ಳುವುದನ್ನು ಕಲಿಸುವ ಗುರು ಸಿಕ್ಕರೆ, ಆ ಕಾಲೇಜಿಗೆ ಸಾಲ ಮಾಡಿಯಾದರೂ ಹೋಗಿ.

8. ನಿಮ್ಮ ನೋವನ್ನು ವಾಸಿ ಮಾಡಿಕೊಳ್ಳಲೆಂದು ಸೇರಬೇಡಿ

ಅದಕ್ಕೆ ಬೇರೆ ದಾರಿ ಇದೆ. ಟೆಲಿ ಮಾನಸ್ ಸಹಾಯವಾಣಿ, 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

9. ಒಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ವಿಚಾರಿಸಿಕೊಂಡು ಹೋಗಿ, ಹೊರಗಿನ ಬೆಂಚಿನ ಮೇಲೆ ಅರ್ಧ ದಿನ ಕೂರಿ. ಯಾರನ್ನೂ ಏನೂ ಕೇಳಬೇಡಿ. ಹತ್ತಿ ಹೊಲದಿಂದ ನೇರ ಬಂದವರು, ಗುಳೆ ಹೋಗಿ ತಿರುಗಿ ಬಂದವರು, ಮಗನ ಕೈ ಬಿಡದೆ ಹಿಡಿದುಕೊಂಡ ತಾಯಿ, ಅವರನ್ನು ನೋಡಿ. ಮನೆಗೆ ಬಂದ ಮೇಲೂ ಅವರ ಜೊತೆ ಕೂರಬೇಕು ಅನ್ನಿಸಿದರೆ ಕಾಲೇಜಿಗೆ ಒಪ್ಪಿಗೆಯ ಮೇಲ್ ಕಳಿಸಿ.