ತುಬಚಿಯ ಹೊಳೆ ದಂಡೆಗೆ ಹಕ್ಕಿ ನೋಡಲು ಹೊರಟರೆ

ಹಕ್ಕಿ ನೋಡಲು ಕಾರವಾರದ ಕಡಲಿಗೋ ರಂಗನತಿಟ್ಟಿಗೋ ಹೋಗಬೇಕೆಂದು ನಮ್ಮ ಕಡೆಯವರು ಅಂದುಕೊಂಡಿರುತ್ತಾರೆ. ಜಮಖಂಡಿ ತಾಲ್ಲೂಕಿನ ತುಬಚಿ ಭಾಗದ ಕೃಷ್ಣಾ ದಂಡೆ ಮನೆಯ ಹಿಂದೆಯೇ ಇದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಇದು ಘೋಷಿತ ಪಕ್ಷಿಧಾಮವಲ್ಲ. ಹಾಗಾಗಿ ತಯಾರಿಯೆಲ್ಲ ನಮ್ಮದೇ.

ಮೊದಲು ಕಾಲ ನೋಡಿಕೊಳ್ಳಿ. 2019ರ ಆಗಸ್ಟ್‌ ಮಹಾಪೂರ ಕಂಡವರಿಗೆ ಮಳೆಗಾಲದಲ್ಲಿ ಇತ್ತ ಬರಬೇಡಿ ಎಂದು ಹೇಳಬೇಕಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ವಲಸೆ ಹಕ್ಕಿಗಳ ಕಾಲ. ಹೊಳೆ ಇಳಿದು ಮಳಲು, ರಾಡಿ ನೆಲ ತೆರೆದುಕೊಂಡಷ್ಟೂ ಹಕ್ಕಿ ಹೆಚ್ಚು. ಹೊರಡುವ ಹಿಂದಿನ ದಿನ ಊರಿನವರಿಗೆ ಫೋನ್ ಮಾಡಿ ನೀರು ಎಷ್ಟಿದೆ ಎಂದು ಕೇಳಿ.

ಜಮಖಂಡಿ–ವಿಜಯಪುರ ರಸ್ತೆಯಲ್ಲಿ ಬರುವವರು ಚಿಕ್ಕಪಡಸಲಗಿಯಲ್ಲಿ ಇಳಿಯದೆ ಹೋಗಬೇಡಿ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು, ಬೆವರು ಹಾಕಿ ಕಟ್ಟಿದ ಬ್ಯಾರೇಜ್ ಇಲ್ಲಿದೆ. ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿಗಳನ್ನು ಗುರುತಿಸಿ ಕಣ್ಣು ಪಳಗಿಸಿಕೊಳ್ಳಲು ಒಳ್ಳೆಯ ಜಾಗ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್‌ನ ಟ್ರ್ಯಾಕ್ಟರ್‌ಗಳು ರಸ್ತೆ ತುಂಬಿರುತ್ತವೆ. ಕತ್ತಲಲ್ಲಿ ಬೈಕ್ ಓಡಿಸಬೇಡಿ.

ಬೆಳಕು ಹರಿಯುವ ಹೊತ್ತಿಗೆ ದಂಡೆಯಲ್ಲಿರಬೇಕು. ಕೃಷ್ಣೆ ಇಲ್ಲಿ ಹೆಚ್ಚುಕಡಿಮೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತಾಳೆ. ಬೆಳಿಗ್ಗೆ ಹರಿವಿಗೆ ಎದುರಾಗಿ ನಡೆದರೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಹಕ್ಕಿಯ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. 8×42 ಬೈನಾಕ್ಯುಲರ್ ಸಾಕು. ಹೊಲ ದಾಟುವ ಮುನ್ನ ಮಾಲೀಕರನ್ನು ಕೇಳಿ. ಪಂಪ್‌ಸೆಟ್ಟಿನ ವೈರು ನೆಲದ ಮೇಲೇ ಹರಿದಿರುತ್ತದೆ, ಅದನ್ನು ತುಳಿಯಬೇಡಿ.

ಉಳುಮೆ ಮಾಡಿದ ಎರೆಹೊಲದಲ್ಲಿ ನೆತ್ತಿ ಕೆಂಪಾದ, ಬಾಗಿದ ಕೊಕ್ಕಿನ ಕರಿ ಹಕ್ಕಿ ಕಂಡರೆ ಅದು ಕರಿ ಕೆಂಬರಲು. ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ ಇದ್ದರೆ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತು. ಹಳದಿ ಕೊಕ್ಕು, ಕಪ್ಪು ಟೋಪಿಯ ನದಿ ರೀವ ಬೇಸಿಗೆಯಲ್ಲಿ ಬರಿ ಮಳಲ ಮೇಲೇ ಮೊಟ್ಟೆ ಇಡುತ್ತದೆ. ಮಳಲಿನ ಬಣ್ಣದ ಆ ಮೊಟ್ಟೆ ಕಾಲಡಿ ಬಂದರೂ ತಿಳಿಯುವುದಿಲ್ಲ. ಮಾರ್ಚ್ ನಂತರ ನಡುಗಡ್ಡೆಗಳಿಗೆ ಕಾಲಿಡಲೇಬೇಡಿ.

ಫ್ಲೆಮಿಂಗೊ ನೋಡುವ ಆಸೆಯಿದ್ದರೆ ತುಬಚಿ ನೆಚ್ಚಬೇಡಿ. ಬೀಳಗಿ ಕಡೆಯ ಹೆರಕಲ್, ಚಿಕ್ಕಸಂಗಮದ ಆಲಮಟ್ಟಿ ಹಿನ್ನೀರಿಗೆ ಹೋಗಿ. ಹಿನ್ನೀರು ಸರಿದಾಗ ತಲೆಕೆಳಗಾಗಿ ಕೊಕ್ಕು ಅದ್ದಿ, ಕಾಲಿನಿಂದ ಕೆಸರು ಕಲಕುತ್ತ ಮೇಯುವುದನ್ನು ಅಲ್ಲಿ ನೋಡಬಹುದು. ಅಧಿಕೃತ ಪಕ್ಷಿಧಾಮವೇ ಬೇಕೆಂದರೆ ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ 1974ರಲ್ಲಿ ಘೋಷಣೆಯಾದ ಘಟಪ್ರಭಾ ಪಕ್ಷಿಧಾಮವಿದೆ.

ಮೊಸಳೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವು ಹೊಳೆಯಲ್ಲಷ್ಟೇ ಅಲ್ಲ, ದಂಡೆಯ ಕಬ್ಬಿನೊಳಗೂ ಬಂದದ್ದಿದೆ. ನೀರಿನಂಚಿನಲ್ಲಿ ಕೂತು ರೊಟ್ಟಿ ಬಿಚ್ಚುವುದು, ಕೈಕಾಲು ತೊಳೆಯುವುದು ಬೇಡ. ಮಕ್ಕಳ ಕೈ ಬಿಡಬೇಡಿ. ಮೊಸಳೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ.

ಮನೆಗೆ ಬಂದ ಮೇಲೆ ಕಂಡ ಹಕ್ಕಿಗಳ ಪಟ್ಟಿಯನ್ನು ದಿನಾಂಕ, ಜಾಗದ ಹೆಸರಿನೊಂದಿಗೆ ಇ-ಬರ್ಡ್ ಆ್ಯಪ್‌ಗೆ ಹಾಕಿ. ಬಳಕೆಗೆ ದುಡ್ಡು ಕೊಡಬೇಕಿಲ್ಲ.