ಕೂಸಿಗೊಂದು ಕೋಣೆ

ಬೆಳಿಗ್ಗೆ ನಾವು ಕೆಲಸಕ್ಕೆ ಹೊರಡ್ತೇವೆ. ಕೂಸನ್ನು ಯಾರ ಹತ್ತಿರ ಬಿಡೋದು? ಅತ್ತೆ ಇದ್ದರೆ ಅತ್ತೆ. ಇಲ್ಲದಿದ್ದರೆ ಪಕ್ಕದ ಮನೆಯವರು. ಅವರೂ ಆಗೋದಿಲ್ಲ ಅಂದರೆ ದೊಡ್ಡ ಮಗಳು ಶಾಲೆ ಬಿಡ್ತಾಳೆ. ತಮ್ಮನನ್ನು ಎತ್ತಿಕೊಂಡು ಅಕ್ಷರ ಕಳೆದುಕೊಂಡ ಅಕ್ಕಂದಿರು ನಮ್ಮಲ್ಲೇ ಎಷ್ಟು ಮಂದಿ ಇಲ್ಲ?

ಕೆಲಸದ ಜಾಗದಲ್ಲಿ ಕೂಸಿಗೆ ಒಂದು ಕೋಣೆ ಇರಬೇಕು. ಈ ಕಾನೂನು ನಮ್ಮ ದೇಶದಲ್ಲಿ ಹಳೆಯದು. ಆ ಕೋಣೆಗೆ ಶಿಶುಪಾಲನಾ ಕೇಂದ್ರ ಅಂತ ಹೆಸರು. ಗಾರ್ಮೆಂಟ್ಸ್‌ನಲ್ಲಿ ಕ್ರೆಶ್ ಅಂತಾರೆ. ಆದರೆ ಎಲ್ಲ ಮಾಲೀಕರೂ ಇದನ್ನು ಮಾಡಲೇಬೇಕು ಅಂತ ಇಲ್ಲ. ಕೆಲವರಿಗೆ ವಿನಾಯಿತಿ ಇದೆ. ವಿನಾಯಿತಿ ಅಂದರೆ ನಿಯಮದಿಂದ ಬಿಡುಗಡೆ. ಯಾರಿಗೆ ಬಿಡುಗಡೆ, ಯಾರಿಗೆ ಇಲ್ಲ ಅನ್ನೋದನ್ನು ಒಂದು ಸಂಖ್ಯೆ ತೀರ್ಮಾನಿಸುತ್ತದೆ. ನಾವು ಎಣಿಸಲು ಕಲಿತಿದ್ದೇವೆ. ಬನ್ನಿ, ಎಣಿಸೋಣ.

1948ರಲ್ಲಿ ಕಾರ್ಖಾನೆಗಳ ಕಾಯ್ದೆ ಬಂತು. ಕಾರ್ಖಾನೆಯಲ್ಲಿ 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ, 6 ವರ್ಷದೊಳಗಿನ ಅವರ ಮಕ್ಕಳಿಗೆ ಕೋಣೆ ಕೊಡಬೇಕು ಎಂದಿತು. 1976ರಲ್ಲಿ ಈ 50 ಅನ್ನು 30 ಮಾಡಿದರು. 30ಕ್ಕಿಂತ ಹೆಚ್ಚು ಅಂದರೆ 31. ಸರಿಯಾಗಿ 30 ಹೆಂಗಸರಿದ್ದರೆ ಮಾಲೀಕನಿಗೆ ಬಿಡುಗಡೆ! ‘ಹೆಚ್ಚು’ ಅನ್ನೋ ಪುಟ್ಟ ಪದ ಎಷ್ಟು ಕೆಲಸ ಮಾಡ್ತದೆ ನೋಡಿ. ಕಾಫಿ, ಟೀ ತೋಟಗಳಿಗೆ 1951ರ ಕಾಯ್ದೆ ಬೇರೆ ಇತ್ತು. ಅದರಲ್ಲಿ ಮುಂದೆ ಮಕ್ಕಳ ಲೆಕ್ಕವೂ ಸೇರಿತು. ಕೆಲಸದ ಹೆಂಗಸರ ಮಕ್ಕಳು 20 ಇದ್ದರೂ ಸಾಕಿತ್ತು. ನಮಗೆ ಕೇಳಿದರೆ ಅದೇ ಸರಿಯಾದ ಲೆಕ್ಕ. ಕೋಣೆ ಬೇಕಾದ್ದು ಮಕ್ಕಳಿಗೆ ತಾನೆ!

ಕಾರ್ಖಾನೆಯ ಲೆಕ್ಕದಲ್ಲಿ ಒಂದು ತೊಡಕಿತ್ತು. ಅದು ಹೆಂಗಸರನ್ನು ಮಾತ್ರ ಎಣಿಸುತ್ತಿತ್ತು. ಗಂಡಸರಿಗೆ ಮಕ್ಕಳಿಲ್ಲವೇ? ಮೇಲಾಗಿ, ಕೋಣೆ ಬೇಡ ಅನ್ನೋ ಮಾಲೀಕ ಹೆಂಗಸರನ್ನು ಕಡಿಮೆ ಇಟ್ಟುಕೊಂಡರೆ ಆಯಿತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯನ್ನು ತಿದ್ದಿದರು. ಗಂಡಸರು, ಹೆಂಗಸರು ಎಲ್ಲರೂ ಸೇರಿ 50 ಮಂದಿ ಇದ್ದರೆ ಕೋಣೆ ಕೊಡಬೇಕು ಅಂತ ಆಯಿತು. ಆಗ ಎರಡು ಲೆಕ್ಕವೂ ಒಟ್ಟಿಗೇ ನಡೆಯುತ್ತಿದ್ದವು. ಈ ಲೆಕ್ಕದಲ್ಲಿ ಸಿಗದವರಿಗೆ ಆ ಲೆಕ್ಕದಲ್ಲಿ ಸಿಗುತ್ತಿತ್ತು.

ಈಗ ಹಾಗಿಲ್ಲ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಕಾಯ್ದೆಗಳು ಹೋದವು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ 50 ಉಳಿಯಿತು. ಸರ್ಕಾರ ನಿಯಮ ಮಾಡಿ ಈ ಸಂಖ್ಯೆಯನ್ನು ಬದಲಿಸಲೂಬಹುದು. ಹೆಂಗಸರ 30ರ ಲೆಕ್ಕ ಮಾತ್ರ ಹೋಯಿತು.

ಇದರಿಂದ ಏನಾಯಿತು? ಒಂದು ಹೊಲಿಗೆ ಕಾರ್ಖಾನೆ ಅಂತ ಇಟ್ಟುಕೊಳ್ಳಿ. ಅಲ್ಲಿ 22 ಹೆಂಗಸರು, 30 ಗಂಡಸರು. ಒಟ್ಟು 52. 1948ರ ಲೆಕ್ಕದಲ್ಲಿ ಇವರಿಗೆ ಕೋಣೆ ಇಲ್ಲ. ಈಗಿನ ಲೆಕ್ಕದಲ್ಲಿ ಇದೆ. ಸಂತೋಷ. ಇನ್ನೊಂದು ಕಾರ್ಖಾನೆ. ಅಲ್ಲಿ 35 ಹೆಂಗಸರು, 10 ಗಂಡಸರು. ಒಟ್ಟು 45. ಇವರಿಗೆ ಹಳೆಯ ಲೆಕ್ಕದಲ್ಲಿ ಕೋಣೆ ಇತ್ತು. ಹೊಸ ಲೆಕ್ಕದಲ್ಲಿ 5 ಮಂದಿ ಕಡಿಮೆ ಬಿದ್ದರು. 35 ತಾಯಂದಿರು ಕೆಲಸ ಮಾಡುವ ಜಾಗಕ್ಕೆ ಬಿಡುಗಡೆ ಕೊಡೋದು ಸರಿಯಲ್ಲ ಅಂತ ನಮ್ಮ ಅಭಿಪ್ರಾಯ.

ತಾಳಿ, ಲೆಕ್ಕ ಮುಗಿದಿಲ್ಲ. ಆ 45ರಲ್ಲಿ ಯಾರ್ಯಾರು ಸೇರಿದ್ದಾರೆ? ಕಸ ಗುಡಿಸುವವರು, ಮೂಟೆ ಹೊರುವವರು, ಗೇಟಿನ ಕಾವಲಿನವರು ಕಂಟ್ರಾಕ್ಟರ್ ಕಡೆಯಿಂದ ಬಂದಿರಬಹುದು. ‘ಅವರು ನಮ್ಮವರಲ್ಲ’ ಅಂತ ಸೂಪರ್‌ವೈಸರ್ ಹೇಳಬಹುದು. ಆದರೆ ಸಂಹಿತೆ ಹೇಳೋದು ಬೇರೆ. ನೇರವಾಗಿ ಸೇರಿದವರೂ, ಕಂಟ್ರಾಕ್ಟರ್ ಮೂಲಕ ಸಂಬಳಕ್ಕೆ ದುಡಿಯುವವರೂ ನೌಕರರೇ. ಅಪ್ರೆಂಟಿಸ್‌ಗಳು ಮಾತ್ರ ಲೆಕ್ಕಕ್ಕೆ ಬರೋದಿಲ್ಲ. ಅಂಥವರು 8 ಮಂದಿ ಇದ್ದರೆ 45 ಹೋಗಿ 53 ಆಯಿತು. ಈಗ ಕೋಣೆ ಕೊಡಲೇಬೇಕು. ‘ನಮ್ಮದು ಸಣ್ಣ ಕಾರ್ಖಾನೆ, ನಮಗೆ ಅನ್ವಯಿಸೋದಿಲ್ಲ’ ಅನ್ನೋ ಮಾತು ಕೇಳಿದ ಕೂಡಲೇ ಒಪ್ಪಬೇಡಿ. ಪಾಳಿ ಪಾಳಿಯಾಗಿ, ವಿಭಾಗ ವಿಭಾಗವಾಗಿ ತಲೆ ಎಣಿಸಿ.

ಮನೆಯಲ್ಲೇ ಬೀಡಿ ಕಟ್ಟುವ ನಮ್ಮ ಅಕ್ಕತಂಗಿಯರಿಗೆ ಈ ಕೋಣೆ ಹಿಂದೆಯೂ ಇರಲಿಲ್ಲ. 1966ರ ಬೀಡಿ ಕಾಯ್ದೆ ಕೋಣೆ ಕೇಳಿದ್ದು ಕಾರ್ಖಾನೆ ಜಾಗಕ್ಕೆ ಮಾತ್ರ. ಮೊರ ಮಡಿಲಲ್ಲಿ, ಕೂಸು ಹೊಗೆಸೊಪ್ಪಿನ ಧೂಳಲ್ಲಿ.

ಕೋಣೆ ಕಾರ್ಖಾನೆಯ ಒಳಗೇ ಇರಬೇಕು ಅಂತಿಲ್ಲ. ನಾಲ್ಕಾರು ಕಾರ್ಖಾನೆಗಳು ಸೇರಿ ಒಂದೇ ಕೇಂದ್ರ ನಡೆಸಬಹುದು. ಆದರೆ ಅದು ಹತ್ತಿರ ಇರಬೇಕು. 2018ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಕೊಟ್ಟಿತು. ಕೇಂದ್ರ 500 ಮೀಟರ್ ಒಳಗಿರಲಿ ಎಂದಿತು. 3 ವರ್ಷದೊಳಗಿನ 10 ಮಕ್ಕಳಿಗೆ ತರಬೇತಿ ಪಡೆದ ಒಬ್ಬರು, ಅವರಿಗೊಬ್ಬ ಸಹಾಯಕಿ ಇರಲಿ ಎಂದಿತು. ದೊಡ್ಡ ಮಕ್ಕಳಾದರೆ 20 ಮಕ್ಕಳಿಗೆ ಅಷ್ಟು ಜನ. ಹೆಸರಿಗೆ ಒಂದು ಕೋಣೆ, ಬಾಗಿಲಿಗೆ ಬೀಗ, ಒಳಗೆ ಬಟ್ಟೆ ಬಂಡಲ್. ಇದು ಕ್ರೆಶ್ ಅಲ್ಲ.

ತಾಯಿ ದಿನಕ್ಕೆ 4 ಸಲ ಕೂಸಿನ ಹತ್ತಿರ ಹೋಗಿಬರಬಹುದು. ವಿಶ್ರಾಂತಿಯ ಹೊತ್ತೂ ಇದರಲ್ಲೇ ಸೇರುತ್ತದೆ. ಹಾಲು ಕುಡಿಸಲು ಹೋದರೆ ‘ಟಾರ್ಗೆಟ್ ಯಾರು ಮುಗಿಸ್ತಾರೆ?’ ಅಂತ ಗದರುವವರಿಗೆ ಈ ಮಾತು ತಿಳಿಸಿ.

ಒಬ್ಬರೇ ಹೋಗಿ ಕೇಳಬೇಡಿ. ಒಬ್ಬರನ್ನು ಬಿಡಿಸಿ ಕಳಿಸೋದು ಸುಲಭ. ಹತ್ತು ಮಂದಿ ಸೇರಿ ಅರ್ಜಿ ಬರೆಯಿರಿ. ಎರಡು ಪ್ರತಿ ಮಾಡಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ‘ತಲುಪಿದೆ’ ಅಂತ ರುಜು, ತಾರೀಖು ಹಾಕಿಸಿಕೊಳ್ಳಿ. ಮಾಲೀಕರು ಉತ್ತರ ಕೊಡದಿದ್ದರೆ ಆ ಪ್ರತಿ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಯೂನಿಯನ್ ಇದ್ದರೆ ಅವರನ್ನೂ ಕರೆದುಕೊಳ್ಳಿ.

ಅರ್ಜಿ ಹೀಗಿರಲಿ. ಜೋರಾಗಿ ಓದಿ. ಆಮೇಲೆ ನಿಮ್ಮ ಲೆಕ್ಕ ತುಂಬಿ ಬರೆಯಿರಿ.

ಮಾನ್ಯರೇ,
ನಮ್ಮ ಕಾರ್ಖಾನೆಯಲ್ಲಿ ಹೆಂಗಸರು ...... ಮಂದಿ. ಗಂಡಸರು ...... ಮಂದಿ. ಇವರಲ್ಲದೆ ಕಂಟ್ರಾಕ್ಟರ್ ಮೂಲಕ ಬಂದವರು ...... ಮಂದಿ. ಒಟ್ಟು ...... ಮಂದಿ ಇದ್ದೇವೆ. 6 ವರ್ಷದೊಳಗಿನ ನಮ್ಮ ಮಕ್ಕಳು ...... ಇದ್ದಾರೆ. ಇವರಿಗೆ ಶಿಶುಪಾಲನಾ ಕೇಂದ್ರ ಯಾವ ದಿನದಿಂದ ತೆರೆಯುತ್ತೀರಿ ಎಂದು ಬರಹದಲ್ಲಿ ತಿಳಿಸಬೇಕಾಗಿ ಕೋರುತ್ತೇವೆ.
ಇಂತಿ,
(ಎಲ್ಲರ ರುಜು)